‘ಕನ್ನಡ’ದಲ್ಲಿ ಮೂರೇ ಅಕ್ಷರ: ಕೋಡ್‌ಗೆ ಮೊದಲ ಟೆಸ್ಟ್ ಬರೆಯುವುದು

ಪೈಥಾನ್‌ಗೆ ‘ಕನ್ನಡ’ ಅನ್ನುವ ಪದ ಕೊಟ್ಟು ಇದರ ಉದ್ದ ಎಷ್ಟು ಅಂತ ಕೇಳಿ. 5 ಅನ್ನುತ್ತದೆ. ಒಂದನೇ ಕ್ಲಾಸಿನ ಮಗುವನ್ನು ಕೇಳಿದರೆ ಕ, ನ್ನ, ಡ ಅಂತ ಬೆರಳು ಮಡಚಿ 3 ಅನ್ನುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಸಂಕೇತಗಳಾಗಿ ಇಟ್ಟುಕೊಳ್ಳುವ ಪದ್ಧತಿಗೆ ಯೂನಿಕೋಡ್ ಅಂತ ಹೆಸರು. ಅದರಲ್ಲಿ ‘ನ್ನ’ ಒಂದೇ ತುಂಡಾಗಿ ಇರುವುದಿಲ್ಲ. ನ, ಹಲಂತ, ಇನ್ನೊಂದು ನ ಅಂತ ಮೂರು ಸಂಕೇತಗಳಾಗಿ ಇರುತ್ತದೆ. ಪೈಥಾನ್ ಎಣಿಸುವುದು ಆ ಸಂಕೇತಗಳನ್ನು. ಅದರ ಲೆಕ್ಕ ಅದಕ್ಕೆ ಸರಿ. ಆದರೆ ನೀವು ಪದಬಂಧದ ಆ್ಯಪ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ‘ಕನ್ನಡ’ಕ್ಕೆ ಮೂರು ಚೌಕ ಬೇಕು. ಐದು ಚೌಕ ಬಿಟ್ಟರೆ ಆಟವೇ ಕೆಟ್ಟಿತು.

ಹಾಗಾಗಿ ಒಂದು ಪದ ಕೊಟ್ಟರೆ ಅದಕ್ಕೆ ಎಷ್ಟು ಚೌಕ ಬೇಕು ಅಂತ ಹೇಳುವ ಫಂಕ್ಷನ್ ಬರೆಯಬೇಕು. ಹತ್ತು ಸಾಲಿನ ಕೆಲಸ. ಆಟೊಮೇಟೆಡ್ ಟೆಸ್ಟ್ ಅಂದರೆ ಏನು, ಅದನ್ನು ಹೇಗೆ ಶುರುಮಾಡಬೇಕು ಅನ್ನುವುದನ್ನು ಇದೇ ಹತ್ತು ಸಾಲು ಇಟ್ಟುಕೊಂಡು ನೋಡೋಣ. ದೊಡ್ಡ ಪ್ರಾಜೆಕ್ಟ್‌ನಲ್ಲಿ ಆಗುವುದೆಲ್ಲ ಇಷ್ಟರಲ್ಲೇ ಆಗುತ್ತದೆ.

ನೀವು ಈಗಾಗಲೇ ಟೆಸ್ಟ್ ಮಾಡುತ್ತಿದ್ದೀರಿ

ಕೋಡ್ ಬರೆಯುವವರು ಯಾರೂ ಸುಮ್ನೆ ಬರೆದು ಬಿಟ್ಟುಬಿಡುವುದಿಲ್ಲ. ಫಂಕ್ಷನ್ ಬರೆದ ಮೇಲೆ ಒಂದೆರಡು ಪದ ಕೊಟ್ಟು ಪ್ರಿಂಟ್ ಹಾಕಿ ನೋಡುತ್ತೇವೆ. ವೆಬ್‌ಸೈಟ್ ಆದರೆ ಬ್ರೌಸರ್ ತೆಗೆದು ಬಟನ್ ಒತ್ತಿ ನೋಡುತ್ತೇವೆ. ಸರಿಯಾಗಿ ಬಂತು ಅಂದರೆ ಪ್ರಿಂಟ್ ಅಳಿಸಿ ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಅದೂ ಟೆಸ್ಟೇ. ಆದರೆ ಪ್ರಿಂಟ್ ಅಳಿಸಿದ ಕೂಡಲೇ ಆ ಪರೀಕ್ಷೆಯೂ ಅಳಿಸಿಹೋಗುತ್ತದೆ. ಮೂರು ತಿಂಗಳು ಬಿಟ್ಟು ಅದೇ ಫಂಕ್ಷನ್‌ನಲ್ಲಿ ಒಂದು ಸಾಲು ಬದಲಿಸಿದರೆ, ಅವತ್ತು ಯಾವ ಯಾವ ಪದ ಕೊಟ್ಟು ನೋಡಿದ್ದೆವು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಬದಲಿಸಿದ ಭಾಗವನ್ನು ಮಾತ್ರ ನೋಡುತ್ತೇವೆ. ಹಳೆಯದು ಒಡೆದದ್ದು ಗೊತ್ತಾಗುವುದು ಬಳಕೆದಾರ ಫೋನ್ ಮಾಡಿದಾಗ.

ಆ ನೋಡುವ ಕೆಲಸವನ್ನೇ ಕೋಡ್ ಆಗಿ ಬರೆದು ಇಟ್ಟುಕೊಂಡರೆ ಅದು ಆಟೊಮೇಟೆಡ್ ಟೆಸ್ಟ್. ‘ಇದನ್ನು ಕೊಟ್ಟರೆ ಇದು ಬರಬೇಕು’ ಅಂತ ಒಂದು ಸಲ ಬರೆದಿಟ್ಟರೆ ಆಯಿತು. ಬೇಕಾದಾಗಲೆಲ್ಲ ಒಂದು ಕಮಾಂಡ್ ಕೊಟ್ಟು ಅಷ್ಟನ್ನೂ ಮತ್ತೆ ನೋಡಬಹುದು.

ಇದಕ್ಕೆ ದೊಡ್ಡ ತಯಾರಿ ಏನೂ ಬೇಡ. ಪೈಥಾನ್ ಜೊತೆಗೇ ಯೂನಿಟ್‌ಟೆಸ್ಟ್ ಅನ್ನುವ ಲೈಬ್ರರಿ ಬರುತ್ತದೆ. ಆದರೆ ಹೊಸಬರಿಗೆ ನಾನು ಹೇಳುವುದು ಪೈಟೆಸ್ಟ್. ಪಿಪ್ ಅನ್ನುವ ಪೈಥಾನ್ ಟೂಲ್‌ನಿಂದ ಇನ್‌ಸ್ಟಾಲ್ ಮಾಡಿಕೊಳ್ಳಬೇಕು, ಆದರೆ ಬರೆಯುವುದು ಕಡಿಮೆ, ಫೇಲ್ ಆದಾಗ ಅದು ಕೊಡುವ ವಿವರ ಚೆನ್ನಾಗಿದೆ. ಜಾವಾದವರಿಗೆ ಜೆಯೂನಿಟ್ ಇದೆ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಇಬ್ಬರೂ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕೂತು ಅದರ ಮೊದಲ ರೂಪ ಬರೆದರು. ಆಮೇಲೆ ಬೇರೆ ಬೇರೆ ಭಾಷೆಗಳಲ್ಲಿ ಬಂದ ಎಷ್ಟೋ ಟೂಲ್‌ಗಳು ಅದೇ ಅಚ್ಚಿನವು. ಜಾವಾಸ್ಕ್ರಿಪ್ಟ್‌ಗೆ ಜೆಸ್ಟ್, ವೀಟೆಸ್ಟ್ ಇವೆ. ಗೋ ಭಾಷೆಯಲ್ಲಿ ಟೆಸ್ಟ್ ಓಡಿಸುವ ಕಮಾಂಡ್ ಭಾಷೆಯ ಜೊತೆಗೇ ಬರುತ್ತದೆ. ಯಾವುದನ್ನು ಹಿಡಿದರೂ ಒಳಗಿನ ವಿಚಾರ ಒಂದೇ. ಯಾವ ಟೂಲ್ ಒಳ್ಳೆಯದು ಅಂತ ಹುಡುಕುತ್ತಾ ದಿನ ಕಳೆಯಬೇಡಿ.

ಮೊದಲ ಟೆಸ್ಟ್

ಪೈಥಾನ್ 3ರಲ್ಲಿ ಫಂಕ್ಷನ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಡೆಫ್, ಅಸರ್ಟ್ ಇಂಥವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಓದಲು ಸುಲಭವಾಗಲಿ ಅಂತ ಇಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ.

ಡೆಫ್ ಎಣಿಸು(ಪದ):
    ರಿಟರ್ನ್ ಲೆನ್(ಪದ)

ಡೆಫ್ ಟೆಸ್ಟ್_ಕನ್ನಡ():
    ಅಸರ್ಟ್ ಎಣಿಸು("ಕನ್ನಡ") == 3

ಮೇಲಿನದು ಫಂಕ್ಷನ್. ಸದ್ಯಕ್ಕೆ ಅದು ಪೈಥಾನ್ ಹೇಳುವ ಉದ್ದವನ್ನೇ ವಾಪಸ್ ಕೊಡುತ್ತದೆ. ಕೆಳಗಿನದು ಟೆಸ್ಟ್. ಅಸರ್ಟ್ ಅಂದರೆ ‘ಇದು ನಿಜವಾಗಿರಲೇಬೇಕು, ಇಲ್ಲದಿದ್ದರೆ ಇಲ್ಲೇ ನಿಲ್ಲು’ ಅಂತ. ಟೆಸ್ಟ್ ಇರುವ ಫೈಲ್‌ನ ಹೆಸರೂ ಒಳಗಿನ ಫಂಕ್ಷನ್‌ನ ಹೆಸರೂ ‘ಟೆಸ್ಟ್’ ಅಂತಲೇ ಶುರುವಾಗಬೇಕು, ಇಂಗ್ಲಿಷ್ ಅಕ್ಷರಗಳಲ್ಲಿ. ಫೈಲ್ ಹೆಸರಿನಲ್ಲಿ ಅದರ ಪಕ್ಕ ಒಂದು ಅಂಡರ್‌ಸ್ಕೋರ್ ಕೂಡ ಬೇಕು. ಹಾಗಿದ್ದರೆ ಪೈಟೆಸ್ಟ್ ತಾನೇ ಹುಡುಕಿಕೊಂಡು ಓಡಿಸುತ್ತದೆ.

ಓಡಿಸಿದರೆ ಟೆಸ್ಟ್ ಫೇಲ್ ಆಗುತ್ತದೆ. ‘ಅಸರ್ಟ್ 5 == 3’ ಅಂತ ಕೆಂಪಕ್ಷರದಲ್ಲಿ ಬರುತ್ತದೆ. ಆ 5 ಯಾವ ಫಂಕ್ಷನ್‌ಗೆ ಏನು ಕೊಟ್ಟಾಗ ಬಂದದ್ದು ಅನ್ನುವುದನ್ನೂ ಪಕ್ಕದಲ್ಲೇ ತೋರಿಸುತ್ತದೆ. ಈ ಫೇಲ್ ಬೇಕಾದದ್ದು. ಒಂದು ಸಲವೂ ಫೇಲ್ ಆಗದ ಟೆಸ್ಟ್ ನಿಜವಾಗಿ ಏನನ್ನಾದರೂ ಪರೀಕ್ಷಿಸುತ್ತಿದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಫೈಲ್ ಹೆಸರು ತಪ್ಪಿ ಅದು ಓಡಿಯೇ ಇಲ್ಲದಿರಬಹುದು. ಅಸರ್ಟ್ ಬರೆಯುವುದೇ ಮರೆತಿರಬಹುದು. ಕೋಡ್ ಮೊದಲೇ ಬರೆದಾಗಿದ್ದು ಟೆಸ್ಟ್ ಆಮೇಲೆ ಬರೆದರೂ ಪರವಾಗಿಲ್ಲ. ಆಗ ಕೋಡ್‌ನಲ್ಲಿ ಬೇಕಂತಲೇ ಒಂದು ಸಾಲು ಕೆಡಿಸಿ, ಟೆಸ್ಟ್ ಕೆಂಪಾಗುತ್ತದಾ ನೋಡಿ, ಮತ್ತೆ ಸರಿಮಾಡಿ.

ಈಗ ಫಂಕ್ಷನ್ ತಿದ್ದೋಣ. ಮೊದಲು ಹೊಳೆಯುವ ಉಪಾಯ ಏನು? ಕಾಗುಣಿತದ ಚಿಹ್ನೆಗಳು, ಅನುಸ್ವಾರ, ವಿಸರ್ಗ, ಹಲಂತ ಇವನ್ನೆಲ್ಲ ಒಂದು ಪಟ್ಟಿಗೆ ಹಾಕಿ, ಪಟ್ಟಿಯಲ್ಲಿ ಇಲ್ಲದ್ದನ್ನು ಮಾತ್ರ ಎಣಿಸುವುದು. ‘ಕಾವೇರಿ’ಯಲ್ಲಿ ಆರು ಸಂಕೇತ ಇವೆ. ಮೂರು ಚಿಹ್ನೆ ಬಿಟ್ಟರೆ ಕ, ವ, ರ ಉಳಿಯುತ್ತವೆ. 3 ಬಂತು, ಸರಿಯಾಯಿತು. ಅದಕ್ಕೂ ಒಂದು ಟೆಸ್ಟ್ ಬರೆದಿಡಿ. ಆದರೆ ‘ಕನ್ನಡ’ಕ್ಕೆ ಈಗ 4 ಬರುತ್ತದೆ. ಹಲಂತ ಬಿಟ್ಟರೂ ಎರಡು ನ ಎರಡು ಸಲ ಲೆಕ್ಕಕ್ಕೆ ಬಂದವು.

ಇನ್ನೊಂದು ನಿಯಮ ಸೇರಿಸೋಣ: ಹಿಂದೆ ಹಲಂತ ಇದ್ದರೆ ಎಣಿಸಬೇಡ, ಅದು ಒತ್ತಕ್ಷರ. ಈಗ ‘ಕನ್ನಡ’ 3. ‘ಕರ್ನಾಟಕ’ 4. ‘ರಾಷ್ಟ್ರ’ದಲ್ಲಿ ಏಳು ಸಂಕೇತ ಇದ್ದರೂ ಉತ್ತರ 2. ಖಾಲಿ ಪದ ಕೊಟ್ಟರೆ 0. ಪಾಸ್ ಆದ ಟೆಸ್ಟ್ ಹಸಿರಲ್ಲಿ ಬರುತ್ತದೆ. ಎಲ್ಲ ಹಸಿರು.

ಉತ್ತರ ಯಾರು ಹೇಳಬೇಕು?

ಮುಂದೆ ‘ಬಸ್’ ಕೊಡೋಣ ಅಂತ ಟೆಸ್ಟ್ ಬರೆಯಲು ಕೂತರೆ, ಸಮ ಚಿಹ್ನೆಯ ಬಲಗಡೆ ಕೈ ನಿಂತುಬಿಡುತ್ತದೆ. 1 ಬರೆಯಬೇಕೋ 2 ಬರೆಯಬೇಕೋ? ಛಂದಸ್ಸಿನ ಲೆಕ್ಕದಲ್ಲಿ ‘ಬಸ್’ ಒಂದೇ ಗುರು. ಕೊನೆಯ ಅರ್ಧಾಕ್ಷರ ಹಿಂದಿನದರ ಜೊತೆಗೇ ಸೇರುತ್ತದೆ. ಪದಬಂಧದಲ್ಲಿ ಬ ಒಂದು ಚೌಕ, ಸ್ ಇನ್ನೊಂದು ಚೌಕ. ಷಟ್ಪದಿಯ ಮಾತ್ರೆ ಎಣಿಸುವ ಆ್ಯಪ್‌ಗೂ ಪದಬಂಧದ ಆ್ಯಪ್‌ಗೂ ಉತ್ತರ ಬೇರೆ. ಇದನ್ನು ಕಂಪ್ಯೂಟರ್ ತೀರ್ಮಾನ ಮಾಡಲಾರದು. ನಮ್ಮದು ಪದಬಂಧ, ಹಾಗಾಗಿ 2.

ಟೆಸ್ಟ್ ಬರೆಯುವುದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ ಜಾಗ. ಸಮ ಚಿಹ್ನೆಯ ಬಲಕ್ಕೆ ಬರುವ ಉತ್ತರ ನಿಮ್ಮ ತಲೆಯಿಂದ ಬರಬೇಕು. ಇಲ್ಲವೇ ನಿಯಮದ ಪುಸ್ತಕದಿಂದ, ಗ್ರಾಹಕರ ಬಾಯಿಂದ, ಕಾಗದ ಪೆನ್ನು ಹಿಡಿದು ಮಾಡಿದ ಲೆಕ್ಕದಿಂದ. ಪರೀಕ್ಷೆಗೆ ಕೂತಿರುವ ಕೋಡ್‌ನಿಂದಲೇ ಉತ್ತರ ನಕಲು ಮಾಡಿದರೆ ಆ ಟೆಸ್ಟ್ ಇದ್ದೂ ಇಲ್ಲದ ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. ಕೇಂದ್ರದ ಜಿಎಸ್‌ಟಿ ಕಾಯ್ದೆ, 2017ರ 170ನೇ ಸೆಕ್ಷನ್ ತೆರಿಗೆ ಮೊತ್ತವನ್ನು ರೂಪಾಯಿಗೆ ಸರಿಹೊಂದಿಸುವುದು ಹೇಗೆ ಅಂತ ಹೇಳುತ್ತದೆ. 50 ಪೈಸೆ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದು ರೂಪಾಯಿಗೆ ಏರಿಸಬೇಕು. ಕಡಿಮೆ ಇದ್ದರೆ ಬಿಡಬೇಕು. ಅಂದರೆ 2 ರೂಪಾಯಿ 50 ಪೈಸೆ ಬಂದರೆ 3 ರೂಪಾಯಿ. ಈಗ ಪೈಥಾನ್‌ನ ರೌಂಡ್ ಫಂಕ್ಷನ್‌ಗೆ 2.5 ಕೊಡಿ. 2 ಅನ್ನುತ್ತದೆ. 3.5 ಕೊಟ್ಟರೆ 4 ಅನ್ನುತ್ತದೆ. ಸರಿಯಾಗಿ ಅರ್ಧದಲ್ಲಿದ್ದರೆ ಹತ್ತಿರದ ಸಮಸಂಖ್ಯೆಗೆ ಹೋಗುವುದು ಪೈಥಾನ್ 3ರ ನಿಯಮ. ಅದು ಬಗ್ ಅಲ್ಲ, ಹಾಗೇ ಮಾಡಿರುವುದು. ತುಂಬಾ ಅಂಕಿಗಳನ್ನು ಕೂಡುವಾಗ ಮೊತ್ತ ಒಂದೇ ಕಡೆ ವಾಲದಿರಲಿ ಅಂತ ಈ ಪದ್ಧತಿ ಇದೆ. ಆದರೆ ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಅದು ತಪ್ಪು ಉತ್ತರ.

ಇಲ್ಲಿ ಇಬ್ಬರು ಟೆಸ್ಟ್ ಬರೆಯುತ್ತಾರೆ ಅಂದುಕೊಳ್ಳಿ. ಒಬ್ಬರು ಕೋಡ್ ಓಡಿಸಿ, 2 ಬಂದದ್ದು ನೋಡಿ, ಟೆಸ್ಟ್‌ನಲ್ಲಿ 2 ಅಂತ ಬರೆಯುತ್ತಾರೆ. ಟೆಸ್ಟ್ ಹಸಿರು. ಇನ್ನು ಮುಂದೆ ಯಾರಾದರೂ ಕೋಡ್ ಸರಿಮಾಡಲು ಹೋದರೆ ಅದೇ ಟೆಸ್ಟ್ ಕೆಂಪಾಗಿ ಅವರನ್ನು ತಡೆಯುತ್ತದೆ. ಇನ್ನೊಬ್ಬರು ಸೆಕ್ಷನ್ ಓದಿ 3 ಅಂತ ಬರೆಯುತ್ತಾರೆ. ಟೆಸ್ಟ್ ಕೆಂಪು. ಬಗ್ ಅವತ್ತೇ ಸಿಕ್ಕಿತು.

ಈಗ ಎಐ ಟೂಲ್‌ಗಳಿಗೆ ‘ಈ ಫೈಲ್‌ಗೆ ಟೆಸ್ಟ್ ಬರೆದುಕೊಡು’ ಅಂದರೆ ಒಂದು ನಿಮಿಷದಲ್ಲಿ ರಾಶಿ ಟೆಸ್ಟ್ ಬರೆದುಕೊಡುತ್ತವೆ. ಅವು ಕೋಡ್ ಓದಿಯೇ ಬರೆಯುತ್ತವೆ. ಹಾಗಾಗಿ ಕೋಡ್ ಈಗ ಏನು ಮಾಡುತ್ತದೋ ಅದನ್ನೇ ಸರಿ ಅಂತ ಬರೆದುಬಿಡುವ ಸಾಧ್ಯತೆ ಜಾಸ್ತಿ. ಟೈಪ್ ಮಾಡುವ ಕೆಲಸ ಅವುಗಳಿಗೆ ಕೊಡಿ, ತೊಂದರೆ ಇಲ್ಲ. ಆದರೆ ಪ್ರತಿ ಟೆಸ್ಟ್‌ನ ಬಲಗಡೆ ಇರುವ ಉತ್ತರವನ್ನು ನೀವೇ ಒಂದೊಂದಾಗಿ ಓದಿ. ‘ಇದು ಸರಿ ಅಂತ ನನಗೆ ಹೇಗೆ ಗೊತ್ತು?’ ಅನ್ನುವ ಪ್ರಶ್ನೆಗೆ ಕೋಡ್‌ನ ಆಚೆ ಉತ್ತರ ಸಿಗದ ಟೆಸ್ಟ್ ಇದ್ದರೆ ತೆಗೆದುಹಾಕಿ.

ಹಳೆ ಟೆಸ್ಟ್ ಕೈ ಹಿಡಿಯುವುದು

ಪದಬಂಧಕ್ಕೆ ವಾಪಸ್ ಬರೋಣ. ‘ಸಾಫ್ಟ್‌ವೇರ್’ ಕೊಟ್ಟು ನೋಡಿ. ಸಾ, ಫ್ಟ್, ವೇ, ರ್ ಅಂತ ನಾಲ್ಕು ಚೌಕ ಬೇಕು. ಫಂಕ್ಷನ್ ಕೂಡ 4 ಅನ್ನುತ್ತದೆ. ಒಂದು ಟೆಸ್ಟ್ ಸೇರಿತು. ಈ ಪದದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ಯೂನಿಕೋಡ್‌ನಲ್ಲಿ ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಹೆಸರು. ‘ಟ್’ ಆದಮೇಲೆ ಬರುವ ‘ವೇ’ ಒತ್ತಕ್ಷರವಾಗಿ ಕೆಳಗೆ ಇಳಿಯದ ಹಾಗೆ ಅದು ತಡೆಯುತ್ತದೆ. ಕೆಲವು ಕಡೆ ‘ಸಾಫ್ಟ್ವೇರ್’ ಅಂತ ಒತ್ತು ಬಿದ್ದು ವಿಚಿತ್ರವಾಗಿ ಕಾಣುವುದು ನೋಡಿರುತ್ತೀರಿ ಅಲ್ವಾ? ಅಲ್ಲಿ ಈ ಸಂಕೇತವನ್ನು ಯಾರೋ ಅಥವಾ ಯಾವುದೋ ಪ್ರೋಗ್ರಾಂ ತಿಂದುಹಾಕಿರುತ್ತದೆ.

ಸರಿ. ಆ್ಯಪ್ ಜನರ ಕೈಗೆ ಹೋಯಿತು. ‘ರ‍್ಯಾಂಕ್’ ಅನ್ನುವ ಪದಕ್ಕೆ ಎರಡು ಚೌಕ ಬರಬೇಕಾದ ಕಡೆ ಮೂರು ಬರುತ್ತಿವೆ ಅಂತ ಯಾರೋ ದೂರು ಕೊಟ್ಟರು. ಹುಡುಕಿದರೆ ಕಾರಣ ಇದು: ‘ರ‍್ಯಾ’ ಅಂತ ಬರೆಯಲು ರ ಆದಮೇಲೆ ಇನ್ನೊಂದು ಕಾಣದ ಸಂಕೇತ ಹಾಕುತ್ತಾರೆ, ಜೀರೋ ವಿಡ್ತ್ ಜಾಯ್ನರ್. ಅದು ನಮ್ಮ ಚಿಹ್ನೆಗಳ ಪಟ್ಟಿಯಲ್ಲಿ ಇಲ್ಲ. ಅದರ ಹಿಂದೆ ಹಲಂತವೂ ಇಲ್ಲ. ಹಾಗಾಗಿ ಫಂಕ್ಷನ್ ಅದನ್ನೂ ಒಂದು ಅಕ್ಷರ ಅಂತ ಎಣಿಸಿತು.

ಮೊದಲು ಟೆಸ್ಟ್: ‘ರ‍್ಯಾಂಕ್’ಗೆ 2 ಬರಬೇಕು. ಓಡಿಸಿ. ಕೆಂಪು, 3 ಬಂತು. ದೂರು ನಿಜ ಅಂತ ಖಚಿತವಾಯಿತು. ಈಗ ತಿದ್ದಬೇಕು. ಎಲ್ಲರಿಗೂ ಮೊದಲು ಹೊಳೆಯುವುದು: ಈ ಕಾಣದ ಸಂಕೇತಗಳಿಂದ ತಾನೇ ತಾಪತ್ರಯ, ಎಣಿಸುವ ಮುಂಚೆಯೇ ಅವನ್ನೆಲ್ಲ ಅಳಿಸಿಬಿಡೋಣ. ಒಂದು ಸಾಲು ಸೇರಿಸಿದರೆ ಆಯಿತು. ‘ರ‍್ಯಾಂಕ್’ 2 ಆಯಿತು. ಹೊಸ ಟೆಸ್ಟ್ ಹಸಿರು.

ಆದರೆ ‘ಸಾಫ್ಟ್‌ವೇರ್’ ಟೆಸ್ಟ್ ಕೆಂಪಾಗಿದೆ. 4 ಬರಬೇಕಾದ ಕಡೆ 3. ಕಾಣದ ಸಂಕೇತ ಅಳಿಸಿದ್ದರಿಂದ ವ ಹಿಂದೆ ಈಗ ನೇರವಾಗಿ ಹಲಂತ ಬಂದು ನಿಂತಿದೆ. ಒತ್ತಕ್ಷರ ಅಂದುಕೊಂಡು ಫಂಕ್ಷನ್ ಅದನ್ನು ಎಣಿಸದೇ ಬಿಟ್ಟಿದೆ. ಟೆಸ್ಟ್ ಇಲ್ಲದಿದ್ದರೆ ಏನಾಗುತ್ತಿತ್ತು ಯೋಚಿಸಿ. ‘ರ‍್ಯಾಂಕ್’ ಸರಿಯಾಯಿತು ಅಂತ ಖುಷಿಯಿಂದ ಹೊಸ ಆವೃತ್ತಿ ಬಿಡುತ್ತಿದ್ದೆವು. ಹಾರ್ಡ್‌ವೇರ್, ಫುಟ್‌ಬಾಲ್, ಬೆಡ್‌ಶೀಟ್ ಅಂಥ ಪದಗಳೆಲ್ಲ ಒಟ್ಟಿಗೆ ಕೆಡುತ್ತಿದ್ದವು. ಒಂದನ್ನು ಸರಿಮಾಡಲು ಹೋಗಿ ಸರಿಯಿದ್ದದ್ದು ಕೆಡುವುದಕ್ಕೆ ನಮ್ಮವರು ರಿಗ್ರೆಶನ್ ಅನ್ನುತ್ತಾರೆ. ಅದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಬಹಳ ಕಷ್ಟ. ಏಕೆಂದರೆ ತಿದ್ದುವಾಗ ಗಮನವೆಲ್ಲ ಹೊಸ ದೂರಿನ ಮೇಲಿರುತ್ತದೆ.

ಈಗ ಧೈರ್ಯವಾಗಿ ಫಂಕ್ಷನ್ ಅನ್ನು ಪೂರ್ತಿ ಬೇರೆ ರೀತಿ ಬರೆಯಬಹುದು. ‘ಯಾವುದನ್ನು ಎಣಿಸಬಾರದು’ ಅನ್ನುವ ಪಟ್ಟಿ ಬೇಡ. ‘ಯಾವುದನ್ನು ಎಣಿಸಬೇಕು’ ಅಂತ ಹೇಳೋಣ. ಸ್ವರ, ವ್ಯಂಜನಗಳನ್ನು ಯೂನಿಕೋಡ್ ‘ಅಕ್ಷರ’ದ ಗುಂಪಿಗೆ ಹಾಕಿದೆ. ಕಾಗುಣಿತದ ಚಿಹ್ನೆ, ಹಲಂತ, ಕಾಣದ ಸಂಕೇತ, ಖಾಲಿ ಜಾಗ ಯಾವುವೂ ಆ ಗುಂಪಿನಲ್ಲಿ ಇಲ್ಲ. ಪೈಥಾನ್‌ನ ಈಸ್‌ಆಲ್ಫಾ ಇದನ್ನೇ ನೋಡುತ್ತದೆ. ಹಲಂತದ ಸಂಕೇತವನ್ನು ‘ಹಲಂತ’ ಅನ್ನುವ ಹೆಸರಿನಲ್ಲಿ ಮೊದಲೇ ಇಟ್ಟುಕೊಂಡಿದ್ದೇವೆ ಅಂದುಕೊಳ್ಳಿ.

ಡೆಫ್ ಎಣಿಸು(ಪದ):
    ಒಟ್ಟು = 0
    ಹಿಂದಿನದು = ""
    ಫಾರ್ ಈಗಿನದು ಇನ್ ಪದ:
        ಇಫ್ ಈಗಿನದು.ಈಸ್‌ಆಲ್ಫಾ() ಆಂಡ್ ಹಿಂದಿನದು != ಹಲಂತ:
            ಒಟ್ಟು += 1
        ಹಿಂದಿನದು = ಈಗಿನದು
    ರಿಟರ್ನ್ ಒಟ್ಟು

ಓಡಿಸಿದರೆ ಎಲ್ಲ ಹಸಿರು. ‘ನಮ್ಮ ಊರು’ ಅಂತ ಎರಡು ಪದ ಕೊಟ್ಟರೂ ನಡುವಿನ ಜಾಗ ಬಿಟ್ಟು 4 ಅನ್ನುತ್ತದೆ. ಪಟ್ಟಿ ಇದ್ದ ಹಳೇ ಕೋಡ್ ಅದಕ್ಕೆ 5 ಅನ್ನುತ್ತಿತ್ತು. ಆ ತಪ್ಪು ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫಂಕ್ಷನ್‌ನ ಒಳಗೆ ಒಂದು ಸಾಲೂ ಹಳೆಯದು ಉಳಿದಿಲ್ಲ, ಟೆಸ್ಟ್‌ಗಳಲ್ಲಿ ಒಂದನ್ನೂ ಮುಟ್ಟಿಲ್ಲ. ಒಳಗಡೆ ಏನು ನಡೆಯುತ್ತದೆ ಅನ್ನುವುದನ್ನು ಬಿಟ್ಟು, ಏನು ಕೊಟ್ಟರೆ ಏನು ಬರುತ್ತದೆ ಅನ್ನುವುದನ್ನು ಮಾತ್ರ ಪರೀಕ್ಷಿಸಿದ್ದರಿಂದ ಇದು ಆಯಿತು. ಟೆಸ್ಟ್ ಬರೆಯುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಳಗಿನ ಪಟ್ಟಿಯಲ್ಲಿ ಎಷ್ಟು ಚಿಹ್ನೆ ಇವೆ ಅಂತ ಟೆಸ್ಟ್ ಬರೆದಿದ್ದರೆ ಇವತ್ತು ಅದನ್ನು ಎಸೆಯಬೇಕಿತ್ತು.

ಇಷ್ಟು ಹೊತ್ತಿಗೆ ಒಂದೇ ಥರದ ಟೆಸ್ಟ್‌ಗಳು ಏಳೆಂಟು ಆಗಿರುತ್ತವೆ. ಪೈಟೆಸ್ಟ್‌ನಲ್ಲಿ ಪ್ಯಾರಾಮೆಟ್ರೈಸ್ ಅಂತ ಒಂದು ಸೌಕರ್ಯ ಇದೆ. ಪದ, ಉತ್ತರ, ಪದ, ಉತ್ತರ ಅಂತ ಜೋಡಿಗಳನ್ನು ಕೊಟ್ಟರೆ ಪ್ರತಿ ಜೋಡಿಯನ್ನೂ ಬೇರೆ ಟೆಸ್ಟ್ ಆಗಿ ಓಡಿಸುತ್ತದೆ. ಕೋಡ್ ಗೊತ್ತಿಲ್ಲದ ಪದಬಂಧದ ಸಂಪಾದಕರಿಗೂ ಆ ಪಟ್ಟಿ ತೋರಿಸಿ ‘ಉತ್ತರ ಸರಿ ಇದೆಯಾ ನೋಡಿ’ ಅಂತ ಕೇಳಬಹುದು.

ಯಾವ ಯಾವುದನ್ನು ಕೊಟ್ಟು ನೋಡಬೇಕು?

ಇರುವ ಪದಗಳನ್ನೆಲ್ಲ ಕೊಟ್ಟು ನೋಡಲು ಆಗುವುದಿಲ್ಲ. ಟೆಸ್ಟಿಂಗ್ ದೋಷ ಇದೆ ಅಂತ ತೋರಿಸಬಲ್ಲದೇ ಹೊರತು ದೋಷ ಇಲ್ಲ ಅಂತ ತೋರಿಸಲಾರದು ಎಂದು ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1969ರಲ್ಲೇ ಹೇಳಿದ್ದರು. ಹಾಗಾಗಿ ಎಲ್ಲಿ ಒಡೆಯುವ ಸಾಧ್ಯತೆ ಜಾಸ್ತಿಯೋ ಅಲ್ಲಿ ಹುಡುಕಬೇಕು. ಅಂಥ ಜಾಗ ಸಾಮಾನ್ಯವಾಗಿ ಅಂಚಿನಲ್ಲಿರುತ್ತದೆ: ಖಾಲಿ, ಒಂದೇ ಒಂದು, ಕೊನೆಯದು, ಮಿತಿಗಿಂತ ಒಂದು ಹೆಚ್ಚು, ಒಂದು ಕಡಿಮೆ.

ಮೈಕ್ರೋಸಾಫ್ಟ್‌ನ ಜೂನ್ ಅನ್ನುವ ಮ್ಯೂಸಿಕ್ ಪ್ಲೇಯರ್ ಇತ್ತು. 2006ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದದ್ದು. 2008ರ ಡಿಸೆಂಬರ್ 31ರಂದು ಅದರ 30 ಜಿಬಿ ಮಾಡೆಲ್‌ಗಳು ಎಲ್ಲ ಕಡೆ ಒಟ್ಟಿಗೆ ನಿಂತುಹೋದವು. ಕಾರಣ ಗಡಿಯಾರದ ಡ್ರೈವರ್‌ನಲ್ಲಿದ್ದ ಒಂದು ಲೂಪ್. 1980ರಿಂದ ಎಷ್ಟು ದಿನ ಆಗಿದೆ ಅನ್ನುವುದರಿಂದ ಇವತ್ತು ಯಾವ ವರ್ಷ ಅಂತ ಅದು ಲೆಕ್ಕ ಹಾಕಬೇಕಿತ್ತು. ಉಳಿದ ದಿನ 365ಕ್ಕಿಂತ ಜಾಸ್ತಿ ಇರುವವರೆಗೂ ಲೂಪ್ ಓಡುತ್ತದೆ. ಅಧಿಕ ವರ್ಷವಲ್ಲದಿದ್ದರೆ 365 ಕಳೆಯುತ್ತದೆ. ಅಧಿಕ ವರ್ಷವಾಗಿದ್ದರೆ, ಉಳಿದದ್ದು 366ಕ್ಕಿಂತ ಜಾಸ್ತಿ ಇದ್ದಾಗ ಮಾತ್ರ 366 ಕಳೆಯುತ್ತದೆ.

ಈಗ ಅಧಿಕ ವರ್ಷದ ಕೊನೆಯ ದಿನ ಏನಾಗುತ್ತದೆ ನೋಡಿ. ಉಳಿದದ್ದು ಸರಿಯಾಗಿ 366. ಅದು 365ಕ್ಕಿಂತ ಜಾಸ್ತಿ, ಹಾಗಾಗಿ ಲೂಪ್ ಒಳಗೆ ಬರುತ್ತದೆ. 366ಕ್ಕಿಂತ ಜಾಸ್ತಿ ಅಲ್ಲ, ಹಾಗಾಗಿ ಏನನ್ನೂ ಕಳೆಯುವುದಿಲ್ಲ. ಮತ್ತೆ ಮೇಲಕ್ಕೆ ಹೋಗುತ್ತದೆ, ಮತ್ತೆ 366, ಮತ್ತೆ ಅದೇ. ಹೊರಗೆ ಬರುವ ದಾರಿಯೇ ಇಲ್ಲ. ಮಾರನೇ ದಿನ ಸಂಖ್ಯೆ 367 ಆದ ಮೇಲೆ ಲೂಪ್ ಸರಿಯಾಗಿ ಮುಗಿಯಿತು. ಬ್ಯಾಟರಿ ಪೂರ್ತಿ ಇಳಿಯಲು ಬಿಟ್ಟು ಮತ್ತೆ ಚಾರ್ಜ್ ಮಾಡಿ ಅನ್ನುವುದೇ ಬಳಕೆದಾರರಿಗೆ ಸಿಕ್ಕ ಪರಿಹಾರ. ಪ್ಲೇಯರ್ ಬಂದಮೇಲೆ 2008 ಮೊದಲ ಅಧಿಕ ವರ್ಷ. ಅಷ್ಟು ದಿನ ಬಗ್ ಸುಮ್ಮನೆ ಕೂತಿತ್ತು.

ಸಾಧಾರಣ ದಿನಾಂಕ ಸಾವಿರ ಕೊಟ್ಟು ನೋಡಿದ್ದರೂ ಇದು ಸಿಗುತ್ತಿರಲಿಲ್ಲ. ವರ್ಷದ ಮೊದಲ ದಿನ, ಕೊನೆಯ ದಿನ, ಫೆಬ್ರವರಿ 28, 29, ಮಾರ್ಚ್ 1 ಇಷ್ಟನ್ನು ಒಂದು ಸಾದಾ ವರ್ಷಕ್ಕೂ ಒಂದು ಅಧಿಕ ವರ್ಷಕ್ಕೂ ಕೊಟ್ಟು ನೋಡಿದ್ದರೆ ಮೊದಲ ಸಲ ಓಡಿಸಿದಾಗಲೇ ಟೆಸ್ಟ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಆದರೆ ಇದಕ್ಕೆ ಒಂದು ಷರತ್ತು ಇದೆ. ದಿನಾಂಕವನ್ನು ಹೊರಗಿನಿಂದ ಕೊಡಲು ಆಗಬೇಕು. ಉದಾಹರಣೆಗೆ, ಲೈಬ್ರರಿ ಪುಸ್ತಕ ತಡವಾದರೆ ಎಷ್ಟು ದಂಡ ಅಂತ ಲೆಕ್ಕ ಹಾಕುವ ಫಂಕ್ಷನ್ ಒಳಗೇ ‘ಇವತ್ತು ಎಷ್ಟನೇ ತಾರೀಕು’ ಅಂತ ಕಂಪ್ಯೂಟರ್ ಗಡಿಯಾರ ಕೇಳುತ್ತಿದ್ದರೆ, ಇವತ್ತು ಪಾಸ್ ಆದ ಟೆಸ್ಟ್ ನಾಳೆ ಫೇಲ್ ಆಗುತ್ತದೆ. ಫೆಬ್ರವರಿ 29 ಪರೀಕ್ಷಿಸಲು ನಾಲ್ಕು ವರ್ಷ ಕಾಯಬೇಕು. ಇವತ್ತಿನ ದಿನಾಂಕವನ್ನು ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಕೊಡಿ. ನಿಜವಾಗಿ ಬಳಸುವಾಗ ಗಡಿಯಾರದಿಂದ ತಂದ ದಿನ, ಟೆಸ್ಟ್‌ನಲ್ಲಿ ನಿಮಗೆ ಬೇಕಾದ ದಿನ. ಟೆಸ್ಟ್ ಮಾಡಲು ಕಷ್ಟ ಅನಿಸುವ ಕೋಡ್‌ನಲ್ಲಿ ಬಹಳಷ್ಟು ಸಲ ಗೋಜಲು ಇಂಥದ್ದೇ. ಲೆಕ್ಕ ಹಾಕುವುದು, ಡೇಟಾಬೇಸ್ ಓದುವುದು, ಎಸ್‌ಎಂಎಸ್ ಕಳಿಸುವುದು ಮೂರೂ ಒಂದೇ ಫಂಕ್ಷನ್‌ನಲ್ಲಿ ಸೇರಿಕೊಂಡಿರುತ್ತವೆ. ಲೆಕ್ಕವನ್ನು ಬೇರೆ ತೆಗೆದರೆ ಅದರ ಟೆಸ್ಟ್ ಒಂದು ಸಾಲು. ಎಸ್‌ಎಂಎಸ್ ಭಾಗಕ್ಕೆ, ನಿಜವಾಗಿ ಕಳಿಸದೆ ‘ಯಾರಿಗೆ ಏನು ಕಳಿಸಲು ಹೇಳಿದರು’ ಅಂತ ಬರೆದಿಟ್ಟುಕೊಳ್ಳುವ ನಕಲಿ ಒಂದನ್ನು ಕೊಟ್ಟರೆ ಸಾಕು. ಆದರೆ ಎಲ್ಲವನ್ನೂ ನಕಲಿ ಮಾಡಬೇಡಿ. ಆಗ ಟೆಸ್ಟ್‌ನಲ್ಲಿ ನಕಲಿಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡಿರುತ್ತವೆ.

ಬ್ರೌಸರ್ ತೆರೆದು ಲಾಗಿನ್ ಮಾಡಿ ಬಟನ್ ಒತ್ತಿ ನೋಡುವ ಟೆಸ್ಟ್‌ಗಳೂ ಬೇಕು. ಸೆಲೆನಿಯಂ, ಪ್ಲೇರೈಟ್ ಅದಕ್ಕೇ ಇರುವುದು. ಅವು ನಿಧಾನ, ಬೇಗ ಒಡೆಯುತ್ತವೆ. ಶುರುವಿನಲ್ಲಿ ಒಂದೆರಡು ಮುಖ್ಯ ದಾರಿಗಳಿಗೆ ಮಾತ್ರ ಬರೆಯಿರಿ. ಒಂದು ಸಲ ಪಾಸ್, ಒಂದು ಸಲ ಫೇಲ್ ಆಗುವ ಟೆಸ್ಟ್ ಬಂದರೆ ಅವತ್ತೇ ಕೂತು ಕಾರಣ ಹುಡುಕಿ. ಅದನ್ನು ಹಾಗೇ ಬಿಟ್ಟರೆ ಜನ ಕೆಂಪು ಕಂಡಾಗಲೆಲ್ಲ ‘ಇನ್ನೊಂದ್ಸಲ ಓಡಿಸು, ಸರಿಹೋಗುತ್ತೆ’ ಅನ್ನಲು ಶುರುಮಾಡುತ್ತಾರೆ. ಆಮೇಲೆ ನಿಜವಾದ ಕೆಂಪನ್ನೂ ಯಾರೂ ನೋಡುವುದಿಲ್ಲ.

ಟೆಸ್ಟ್ ಓಡಿಸುವುದು ಯಾರ ನೆನಪಿನ ಮೇಲೂ ನಿಲ್ಲಬಾರದು. ಗಿಟ್‌ಹಬ್ ಆಕ್ಷನ್ಸ್ ಅಥವಾ ಗಿಟ್‌ಲ್ಯಾಬ್‌ನಲ್ಲಿ ಒಂದು ಚಿಕ್ಕ ಫೈಲ್ ಬರೆದಿಟ್ಟರೆ ಪ್ರತಿ ಸಲ ಪುಶ್ ಮಾಡಿದಾಗಲೂ, ಅಂದರೆ ಕೋಡ್ ಅಲ್ಲಿಗೆ ಕಳಿಸಿದಾಗಲೂ, ತಾನೇ ಓಡುತ್ತದೆ. ಇದನ್ನು ಎರಡನೇ ಟೆಸ್ಟ್ ಬರೆದ ದಿನವೇ ಮಾಡಿ. ಇನ್ನೂರು ಟೆಸ್ಟ್ ಆಗಲಿ ಅಂತ ಕಾಯಬೇಡಿ.

ಈಗಾಗಲೇ ಇರುವ ಪ್ರಾಜೆಕ್ಟ್‌ನಲ್ಲಿ

ಹೊಸ ಆ್ಯಪ್ ಆದರೆ ಮೊದಲಿನಿಂದ ಬರೆಯಬಹುದು. ಆದರೆ ಕೆಲಸಕ್ಕೆ ಸೇರಿದವರ ಕೈಗೆ ಸಾಮಾನ್ಯವಾಗಿ ಬರುವುದು ಐವತ್ತು ಸಾವಿರ ಸಾಲಿನ ಕೋಡ್, ಟೆಸ್ಟ್ ಒಂದೂ ಇರುವುದಿಲ್ಲ. ಅಲ್ಲಿ ‘ಕವರೇಜ್ 80 ಪರ್ಸೆಂಟ್ ಮಾಡಿ’ ಅಂತ ಗುರಿ ಇಟ್ಟರೆ ದಿಕ್ಕು ತಪ್ಪುತ್ತದೆ. ಕವರೇಜ್ ಹೇಳುವುದು ಟೆಸ್ಟ್ ಓಡುವಾಗ ಯಾವ ಸಾಲುಗಳು ಓಡಿದವು ಅಂತ ಮಾತ್ರ. ಒಂದೂ ಅಸರ್ಟ್ ಇಲ್ಲದೆ ಫಂಕ್ಷನ್‌ಗಳನ್ನು ಸುಮ್ನೆ ಕರೆದರೂ ಆ ಸಂಖ್ಯೆ ಏರುತ್ತದೆ. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್‌ನವರು ಮೂಲ ಕೋಡ್‌ನ ಸುಮಾರು 590 ಪಟ್ಟು ಟೆಸ್ಟ್ ಕೋಡ್ ಇಟ್ಟುಕೊಂಡಿದ್ದಾರೆ. ನಿಮ್ಮ ಕೈಲಿರುವ ಫೋನ್‌ನಲ್ಲೂ ಅದೇ ಡೇಟಾಬೇಸ್ ಇದೆ, ಅವರಿಗೆ ಅಷ್ಟು ಬೇಕು. ನಮಗೆ ಅದು ಅಳತೆಗೋಲು ಅಲ್ಲ.

ಮುಂದಿನ ಬಗ್‌ನಿಂದ ಶುರುಮಾಡಿ. ದೂರು ಬಂದಾಗ ‘ರ‍್ಯಾಂಕ್’ಗೆ ಮಾಡಿದ ಹಾಗೆ ಮೊದಲು ಅದನ್ನು ತೋರಿಸುವ ಟೆಸ್ಟ್, ಅದು ಕೆಂಪಾಗುವುದನ್ನು ನೋಡುವುದು, ಆಮೇಲೆ ತಿದ್ದುವುದು, ಎರಡನ್ನೂ ಒಂದೇ ಕಮಿಟ್‌ನಲ್ಲಿ ಹಾಕುವುದು. ಬಗ್‌ಗಳು ಕೋಡ್ ತುಂಬ ಸಮನಾಗಿ ಹರಡಿರುವುದಿಲ್ಲ. ಕೆಲವೇ ಫೈಲ್‌ಗಳಲ್ಲಿ ಗುಂಪಾಗಿ ಇರುತ್ತವೆ. ಹೀಗೆ ಬಗ್ ಹಿಂದೆ ಹೋದರೆ ಟೆಸ್ಟ್‌ಗಳು ಬೇಕಾದ ಕಡೆಗೇ ಸೇರುತ್ತವೆ.

ಇನ್ನು, ಹಳೇ ಕೋಡ್‌ನ ಯಾವುದೋ ಭಾಗ ಬದಲಿಸಲೇಬೇಕು, ಆದರೆ ಸರಿ ಉತ್ತರ ಏನು ಅಂತ ಹೇಳುವವರು ಯಾರೂ ಕಂಪನಿಯಲ್ಲಿ ಉಳಿದಿಲ್ಲ. ಇಂಥ ಕಡೆ ಮಾತ್ರ ಮೇಲೆ ಬೇಡ ಅಂದದ್ದನ್ನೇ ಮಾಡಬೇಕಾಗುತ್ತದೆ. ಈಗಿನ ಕೋಡ್‌ಗೆ ನೂರಾರು ಇನ್‌ಪುಟ್ ಕೊಟ್ಟು, ಬಂದ ಉತ್ತರಗಳನ್ನೆಲ್ಲ ಹಾಗೇ ಬರೆದಿಟ್ಟುಕೊಂಡು, ಬದಲಾವಣೆ ಆದಮೇಲೂ ಅವೇ ಬರುತ್ತವಾ ಅಂತ ನೋಡುವುದು. ಇದಕ್ಕೆ ಕ್ಯಾರೆಕ್ಟರೈಸೇಶನ್ ಟೆಸ್ಟ್ ಅಂತ ಹೆಸರು. ಇವು ‘ಸರಿ’ ಅಂತ ಹೇಳುವುದಿಲ್ಲ, ‘ಮೊದಲು ಹೀಗಿತ್ತು’ ಅಂತ ಮಾತ್ರ ಹೇಳುತ್ತವೆ. ಹಾಗಾಗಿ ಇವನ್ನು ಬೇರೆ ಫೈಲ್‌ನಲ್ಲಿ ಇಡಿ, ಮೇಲೆ ಕಾಮೆಂಟ್‌ನಲ್ಲಿ ಹಾಗಂತ ಬರೆಯಿರಿ. ನಡುವೆ ಯಾವುದಾದರೂ ಉತ್ತರ ತಪ್ಪು ಅಂತ ಕಂಡರೆ, ನೀವೇ ತಿದ್ದಿಬಿಡುವ ಮುಂಚೆ ಆ ಸಂಖ್ಯೆಯನ್ನು ದಿನಾ ಬಳಸುವ ಅಕೌಂಟ್ಸ್‌ನವರನ್ನೋ ಗೋಡೌನ್‌ನವರನ್ನೋ ಹೋಗಿ ಕೇಳಿ. ಅವರು ಅದನ್ನು ನೆಚ್ಚಿಕೊಂಡು ಎಕ್ಸೆಲ್ ಶೀಟ್ ಒಂದನ್ನು ಮಾಡಿಟ್ಟಿರಬಹುದು. ಅವರು ಹೇಳಿದ ಉತ್ತರ ಸಿಕ್ಕ ಮೇಲೆ ಆ ಟೆಸ್ಟ್ ಅನ್ನು ಮುಖ್ಯ ಫೈಲ್‌ಗೆ ತಂದು, ಬಲಗಡೆಯ ಸಂಖ್ಯೆ ಬದಲಿಸಿ, ಯಾರು ಹೇಳಿದ್ದು ಅನ್ನುವುದನ್ನು ಪಕ್ಕದಲ್ಲೇ ಬರೆದಿಡಿ.